ಬೆಳ್ಳಿಯ ಕಣ ತೋರಿಸುವ ಕನ್ನಡಿ

ಗಾಜಿನ ಫಲಕಗಳ ಕಾಲದಲ್ಲಿ ನೆಗೆಟಿವನ್ನು ಕಾಗದದ ಮೇಲೆ ಒತ್ತಿಟ್ಟು ಅದರ ಅಳತೆಯಲ್ಲೇ ಮುದ್ರಿಸುವುದು ವಾಡಿಕೆಯಾಗಿತ್ತು. ಅಲ್ಲಿ ಫೋಕಸ್ ಮಾಡುವ ಪ್ರಶ್ನೆಯೇ ಇರಲಿಲ್ಲ. 1925ರಲ್ಲಿ ಜರ್ಮನಿಯ ಲೈಪ್‌ಜಿಗ್ ಮೇಳದಲ್ಲಿ ಲೈಕಾ ಕ್ಯಾಮೆರಾ ಬೆಳಕಿಗೆ ಬಂದಿತು. ಅದರ ನೆಗೆಟಿವ್ ಕೇವಲ 24×36 ಮಿ.ಮೀ. ಅದರಿಂದ 8×10 ಅಂಗುಲದ ಚಿತ್ರ ಪಡೆಯಲು ಸುಮಾರು ಎಂಟು ಪಟ್ಟು ಹಿಗ್ಗಿಸಬೇಕು. ಕತ್ತಲೆಕೋಣೆಯಲ್ಲಿ ಇದಕ್ಕೆ ಬರಿಗಣ್ಣಿನ ಅಂದಾಜು ಸಾಲದು.

ಗ್ರೇನ್ ಫೋಕಸರ್ ಈ ಕೊರತೆಯನ್ನು ನೀಗಿಸುವ ಸಾಧನ. ಅದರ ಕನ್ನಡಿ ಬೆಳಕನ್ನು ಕಣ್ಮಸೂರದತ್ತ ತಿರುಗಿಸುತ್ತದೆ. ಕನ್ನಡಿಯಿಂದ ಕಾಗದಕ್ಕೂ ಕಣ್ಮಸೂರದೊಳಗಿನ ಗುರುತುಗೆರೆಗೂ ಇರುವ ದೂರ ಸಮ. ಅಲ್ಲಿ ನೋಡಬೇಕಾದದ್ದು ಚಿತ್ರವನ್ನಲ್ಲ, ಬೆಳ್ಳಿಯ ಕಣಗಳನ್ನು. ತೆಗೆದ ಚಿತ್ರವೇ ಮಸುಕಾಗಿದ್ದರೂ ಫಿಲ್ಮಿನ ಕಣಗಳು ಮಸುಕಾಗಿರವು. ಆದುದರಿಂದ ಅವೇ ನಂಬತಕ್ಕ ಸಾಕ್ಷಿ.

ಕೊಳ್ಳುವವರು ಎರಡು ಅಂಶಗಳನ್ನು ಪರೀಕ್ಷಿಸಬೇಕು. ಗುರುತುಗೆರೆ ತಮ್ಮ ಕಣ್ಣಿಗೆ ಸ್ಪಷ್ಟವಾಗುವಂತೆ ಕಣ್ಮಸೂರವನ್ನು ಹೊಂದಿಸಲು ಬರಬೇಕು. ಎರಡನೆಯದು ಕನ್ನಡಿ. ಅಗ್ಗದ ಸಾಧನಗಳ ಪುಟ್ಟ ಸ್ಥಿರ ಕನ್ನಡಿ ಬಿಂಬದ ನಡುಭಾಗವನ್ನಷ್ಟೇ ತೋರಿಸುತ್ತದೆ. ಜಪಾನಿನ ಪೀಕ್ ಮಾದರಿಯೊಂದರ ಉದ್ದನೆಯ ವಾಲುಗನ್ನಡಿಯಲ್ಲಿ ಮೂಲೆಗಳೂ ಕಾಣುತ್ತವೆ. ಎನ್‌ಲಾರ್ಜರ್ ತುಸು ವಾರೆಯಾಗಿದ್ದರೆ ತಪ್ಪು ಬಯಲಾಗುವುದು ಮೂಲೆಯಲ್ಲೇ. ಮುಂದಿನ ಬೆಂಚನ್ನು ಮಾತ್ರ ನೋಡಿ ತರಗತಿಯ ಮಟ್ಟವನ್ನು ಅಳೆಯಬಾರದೆಂಬುದನ್ನು ನಾನು ತಡವಾಗಿ ಕಲಿತೆ. ಈ ಕನ್ನಡಿ ಹೇಳುವುದೂ ಅದನ್ನೇ.