ಬಾಗಿದ ಬೆನ್ನಿಗೂ ಒಂದು ನೃತ್ಯ

1959ರ ಮೇ 24ರಂದು ಟೋಕಿಯೊದಲ್ಲಿ ಹೊಸ ನೃತ್ಯಗಾರರಿಗಾಗಿ ಒಂದು ಪ್ರದರ್ಶನ ಏರ್ಪಾಡಾಗಿತ್ತು. ಅಲ್ಲಿ ‘ಕಿಂಜಿಕಿ’ ಎಂಬ ಪುಟ್ಟ ನೃತ್ಯವನ್ನು ತತ್ಸುಮಿ ಹಿಜಿಕಾತ ಮತ್ತು ತರುಣ ಯೊಶಿತೊ ಓನೋ ಮಾಡಿದರು. ಹೆಸರು ಯುಕಿಯೊ ಮಿಶಿಮಾ ಅವರ ಕಾದಂಬರಿಯದು, ವಸ್ತು ಗಂಡು ಗಂಡಿನ ನಡುವಿನ ಕಾಮ. ತರುಣನ ತೊಡೆಗಳ ನಡುವೆ ಜೀವಂತ ಕೋಳಿಯಿತ್ತು. ಕೊನೆಯ ಭಾಗ ಕತ್ತಲಲ್ಲೇ ನಡೆಯಿತು. ನೃತ್ಯಸಂಘದ ಹಿರಿಯರು ಸಿಡಿಮಿಡಿಗೊಂಡರು. ಹಿಜಿಕಾತ ಸಂಘವನ್ನೇ ಬಿಟ್ಟರು. ‘ಬುತೋ’ದ ಚರಿತ್ರೆ ಶುರುವಾಗುವುದು ಇಲ್ಲಿಂದ.

ಹಿಜಿಕಾತ ಇದನ್ನು ‘ಅಂಕೋಕು ಬುತೋ’, ಅಂದರೆ ಕಡುಗತ್ತಲೆಯ ನೃತ್ಯ ಎಂದು ಕರೆದರು. ಹಿರೋಶಿಮಾದ ಬಾಂಬಿನಿಂದ ಹುಟ್ಟಿದ ನೃತ್ಯವಿದು ಎಂದು ಒಂದೇ ಮಾತಿನಲ್ಲಿ ಮುಗಿಸುವವರಿದ್ದಾರೆ. ಯುದ್ಧದ ನೆರಳು ನಿಜ. 1960ರಲ್ಲಿ ಅಮೆರಿಕದ ಜೊತೆಗಿನ ಭದ್ರತಾ ಒಪ್ಪಂದದ ವಿರುದ್ಧ ಬೀದಿಗಿಳಿದವರ ಸಿಟ್ಟೂ ನಿಜ. ಆದರೆ ಬುತೋ ಕೇಳಿದ ಮುಖ್ಯ ಪ್ರಶ್ನೆ ಬೇರೆ: ಕುಣಿಯುವ ಹಕ್ಕು ಯಾವ ದೇಹಕ್ಕಿದೆ?

ಹಿಜಿಕಾತ 1928ರಲ್ಲಿ ಹುಟ್ಟಿದ್ದು ಈಶಾನ್ಯ ಜಪಾನಿನ ಅಕಿತಾದಲ್ಲಿ. ಅದು ಹಿಮ ಬೀಳುವ, ಭತ್ತ ಬೆಳೆಯುವ ಸೀಮೆ. ಅವರು ಮೊದಲು ಕಲಿತದ್ದು ಪಶ್ಚಿಮದಿಂದ ಬಂದ ಆಧುನಿಕ ನೃತ್ಯ. ಬ್ಯಾಲೆಯಲ್ಲಂತೂ ಉದ್ದ ಕಾಲು, ನೆಟ್ಟಗಿನ ಬೆನ್ನು, ಆಕಾಶಕ್ಕೆ ನೆಗೆಯುವ ಹಂಬಲ. ಆ ಅಳತೆಗೆ ತಮ್ಮ ದೇಹ ಒಗ್ಗದಿದ್ದಾಗ ಅವರು ಊರಿನ ನೆನಪಿಗೆ ಮರಳಿದರು. ಅಪ್ಪ ಅಮ್ಮ ಗದ್ದೆಯಲ್ಲಿ ದುಡಿಯುವಾಗ ಕೂಸುಗಳನ್ನು ಹುಲ್ಲಿನ ಬುಟ್ಟಿಯಲ್ಲಿ ಕೂರಿಸಿಬಿಡುತ್ತಿದ್ದರು; ಸಂಜೆ ಎತ್ತಿಕೊಂಡರೆ ಮಡಚಿದ ಕಾಲು ಬಿಚ್ಚುತ್ತಿರಲಿಲ್ಲ ಎಂದು ಅವರು ಹೇಳಿಕೊಂಡಿದ್ದಾರೆ. ಬಿಲ್ಲಿನಂತೆ ಬಾಗಿದ ಆ ಕಾಲು, ಕೆಸರಿಗೆ ತಗ್ಗಿದ ಆ ಸೊಂಟವೇ ಬುತೋದ ನಿಲುವಾಯಿತು.

ಹಾಸನ ಸೀಮೆಯವರಿಗೆ ಇದು ದೂರದ ಮಾತಲ್ಲ. ಬೇಲೂರಿನ ಮದನಿಕೆಯರನ್ನು ನಾವು ನೃತ್ಯದ ಮಾದರಿಯೆಂದು ನೋಡುತ್ತ ಬೆಳೆದಿದ್ದೇವೆ. ಸಾಲಗಾಮೆಯ ಕಡೆಯ ಗದ್ದೆಯಲ್ಲಿ ನಾಟಿ ಹಾಕುವ ಹೆಂಗಸಿನ ಬೆನ್ನನ್ನು ಯಾರೂ ಹಾಗೆ ನೋಡಿಲ್ಲ. ಹಿಜಿಕಾತ ನೋಡಿದ್ದು ಆ ಬೆನ್ನನ್ನೇ.

ಬುತೋದ ಇನ್ನೊಂದು ಕಣ್ಣು ಯೊಶಿತೊ ಅವರ ತಂದೆ ಕಝುವೋ ಓನೋ. ಯೋಕೊಹಾಮಾದಲ್ಲಿ ವ್ಯಾಯಾಮದ ಮೇಷ್ಟ್ರು, ಕ್ರೈಸ್ತರು, ಯುದ್ಧಕ್ಕೆ ಹೋಗಿ ಬಂದವರು. 1929ರಲ್ಲಿ ಕಂಡ ಸ್ಪ್ಯಾನಿಶ್ ನರ್ತಕಿ ಲಾ ಅರ್ಜೆಂಟೀನಾಳ ನೆನಪನ್ನು ಅವರು 1977ರಲ್ಲಿ ರಂಗಕ್ಕೆ ತಂದರು. ನಿರ್ದೇಶನ ಹಿಜಿಕಾತ ಅವರದು. ಎಪ್ಪತ್ತು ದಾಟಿದ ಗಂಡಸು ಹೆಣ್ಣುಡುಗೆ ತೊಟ್ಟು ಬಂದಾಗ ಸುಕ್ಕುಗಳನ್ನು ಮರೆಸಲಿಲ್ಲ. ಸುಕ್ಕೇ ಅಲ್ಲಿ ಅಭಿನಯ.

ಹಿಜಿಕಾತ ಪಾಠ ಹೇಳುತ್ತಿದ್ದದ್ದು ಎಣಿಕೆಯಲ್ಲಲ್ಲ, ಮಾತಿನ ಚಿತ್ರಗಳಲ್ಲಿ. ಮೈಮೇಲೆ ಹುಳು ಹರಿಯುತ್ತಿದೆ ಎಂದರೆ ನರ್ತಕ ಅದನ್ನು ನಟಿಸಿ ತೋರಿಸಬೇಕಿಲ್ಲ; ಹುಳು ಅವನನ್ನು ಅಲುಗಿಸಬೇಕು. ದೇಹ ನಮ್ಮ ಆಳಲ್ಲ, ಅದಕ್ಕೂ ತನ್ನದೇ ನೆನಪಿದೆ ಎಂಬುದು ಇದರ ಹಿಂದಿನ ದರ್ಶನ.

ಒಂದು ತಕರಾರು ಮಾತ್ರ ಉಳಿಯುತ್ತದೆ. 1980ರ ಹೊತ್ತಿಗೆ ಬುತೋ ಫ್ರಾನ್ಸಿನ ನಾನ್ಸಿ ಉತ್ಸವ ಮುಟ್ಟಿತ್ತು, ಯುರೋಪು ಮೆಚ್ಚಿತ್ತು. ರೈತನ ದಣಿದ ದೇಹ ಪಟ್ಟಣದ ರಂಗದಲ್ಲಿ ಕಲೆಯಾದಾಗ ಗದ್ದೆಯಲ್ಲಿ ಉಳಿದವನಿಗೆ ದಕ್ಕಿದ್ದೇನು? ನಮ್ಮ ಜನಪದ ಕುಣಿತಗಳನ್ನು ಸಭಾಂಗಣಕ್ಕೆ ತರುವಾಗಲೂ ಇದೇ ಪ್ರಶ್ನೆ ಏಳುತ್ತದೆ. ಬುತೋ ಇದಕ್ಕೆ ಉತ್ತರ ಕೊಡುವುದಿಲ್ಲ. ಆದರೆ ಅದನ್ನು ನೋಡಿದವರಿಗೆ ಬಾಗಿದ ಬೆನ್ನನ್ನು ಬರೀ ಬಡತನವೆಂದು ನೋಡಿ ಮುಂದೆ ಹೋಗುವುದು ಕಷ್ಟ.