ಖಾಲಿ ರಾಡಿನ ಪಾಠ

1896ರ ಏಪ್ರಿಲ್ 7. ಅಥೆನ್ಸಿನಲ್ಲಿ ಮೊದಲ ಆಧುನಿಕ ಒಲಿಂಪಿಕ್ಸ್ ಶುರುವಾಗಿ ಎರಡನೆಯ ದಿನ. ಎರಡೂ ಕೈಗಳಿಂದ ಭಾರ ಎತ್ತುವ ಸ್ಪರ್ಧೆಯಲ್ಲಿ ಇಬ್ಬರು 111.5 ಕಿಲೋ ಎತ್ತಿ ಸಮಸಮ ನಿಂತರು. ಒಬ್ಬ ಡೆನ್ಮಾರ್ಕಿನ ವಿಗ್ಗೊ ಯೆನ್ಸೆನ್. ಇನ್ನೊಬ್ಬ ಬ್ರಿಟನ್ನಿನ ಲಾನ್ಸೆಸ್ಟನ್ ಎಲಿಯಟ್. ಈ ಎಲಿಯಟ್ ಹುಟ್ಟಿದ್ದು 1874ರಲ್ಲಿ, ಬಾಗಲಕೋಟೆ ಹತ್ತಿರದ ಕಲಾದಗಿಯಲ್ಲಿ. ಆಗ ಅದು ಮುಂಬೈ ಪ್ರಾಂತ್ಯದ ಊರು. ಅವನ ತಂದೆ ಬ್ರಿಟಿಷ್ ಸರ್ಕಾರದ ಅಧಿಕಾರಿ.

ತೂಕ ಒಂದೇ ಆದರೂ ಗೆಲುವು ಯೆನ್ಸೆನ್ ಪಾಲಾಯಿತು. ಅವನು ಎತ್ತಿದ ರೀತಿ ಹೆಚ್ಚು ಅಚ್ಚುಕಟ್ಟಾಗಿತ್ತು, ಎಲಿಯಟ್ ಎತ್ತುವಾಗ ಕಾಲು ಕದಲಿಸಿದ್ದ ಎಂಬುದು ತೀರ್ಪು. ಅದೇ ದಿನ ಒಂಟಿ ಕೈಯ ಸ್ಪರ್ಧೆಯಲ್ಲಿ 71 ಕಿಲೋ ಎತ್ತಿ ಎಲಿಯಟ್ ಬ್ರಿಟನ್ನಿನ ಮೊದಲ ಒಲಿಂಪಿಕ್ ಚಾಂಪಿಯನ್ ಆದ. ಆದರೆ ಆ ಮೊದಲ ತೀರ್ಪು ಈ ಆಟದ ಮುಂದಿನ ಚರಿತ್ರೆಯನ್ನೇ ಹೇಳಿಬಿಟ್ಟಿತ್ತು: ಎಷ್ಟು ಎತ್ತಿದ ಎಂಬುದರ ಜೊತೆಗೆ ಹೇಗೆ ಎತ್ತಿದ ಎಂಬುದೂ ಲೆಕ್ಕಕ್ಕೆ ಬರುತ್ತದೆ.

1972ರವರೆಗೆ ಒಲಿಂಪಿಕ್ಸ್‌ನಲ್ಲಿ ಪ್ರೆಸ್, ಸ್ನ್ಯಾಚ್, ಕ್ಲೀನ್ ಅಂಡ್ ಜರ್ಕ್ ಎಂಬ ಮೂರು ಬಗೆಗಳಿದ್ದವು. ಪ್ರೆಸ್ ಎಂದರೆ ಭುಜದ ಮೇಲಿನ ಭಾರವನ್ನು ತೋಳಿನ ಬಲದಿಂದ ಮೇಲಕ್ಕೆ ನೂಕುವುದು. ಬರಬರುತ್ತಾ ಸ್ಪರ್ಧಿಗಳು ಬೆನ್ನನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿಸಿ ನೂಕತೊಡಗಿದರು. ಯಾವುದು ಸರಿ, ಯಾವುದು ತಪ್ಪು ಎಂದು ತೀರ್ಪುಗಾರರಿಗೇ ಒಮ್ಮತ ಬಾರದಾಯಿತು. ಮ್ಯೂನಿಕ್ ಒಲಿಂಪಿಕ್ಸ್ ಮುಗಿದ ಮೇಲೆ ಪ್ರೆಸ್ ಅನ್ನು ಕೈಬಿಟ್ಟರು. ಉಳಿದ ಎರಡರಲ್ಲೂ ಬಲದಷ್ಟೇ ವರಸೆ ಮುಖ್ಯ.

ಸ್ನ್ಯಾಚ್ ಅನ್ನೇ ನೋಡಿ. ನೆಲದ ಮೇಲಿನ ರಾಡನ್ನು ಒಂದೇ ಉಸಿರಿಗೆ ತಲೆಯ ಮೇಲಕ್ಕೆ ಒಯ್ಯಬೇಕು. ಭಾರ ಹೆಚ್ಚಿದ್ದರೆ ಅದನ್ನು ಅಷ್ಟು ಎತ್ತರಕ್ಕೆ ಎಳೆಯುವುದು ಯಾರಿಂದಲೂ ಆಗದು. ಹಾಗಾಗಿ ರಾಡು ಸೊಂಟ ದಾಟಿ ಮೇಲೇರುವ ಹೊತ್ತಿಗೆ ಎತ್ತುವವರು ತಾವೇ ಅದರ ಅಡಿಗೆ ಕುಕ್ಕರಗಾಲಲ್ಲಿ ಕುಸಿದು, ಕೈ ಚಾಚಿ ಹಿಡಿದು, ಆಮೇಲೆ ಎದ್ದು ನಿಲ್ಲುತ್ತಾರೆ. ಎಳೆದು ಅಡಿಗೆ ಹೋಗುವುದೆಲ್ಲ ಹೆಚ್ಚುಕಡಿಮೆ ಒಂದು ಸೆಕೆಂಡಿನ ಕೆಲಸ. ಅಷ್ಟರಲ್ಲಿ ಯೋಚಿಸಲು ಸಮಯವಿಲ್ಲ, ಮೈಗೆ ರೂಢಿಯಾಗಿರಬೇಕು.

ಆ ರೂಢಿ ಬರುವುದು ಹಗುರ ರಾಡಿನಿಂದ. ಹೊಸಬರ ಕೈಗೆ ಮೊದಲು ಕೊಡುವುದು ಮರದ ಕೋಲು ಅಥವಾ ಪ್ಲಾಸ್ಟಿಕ್ ಪೈಪು. ಸ್ಪರ್ಧೆಯ ದಿನವೂ ಕ್ರಮ ಅದೇ. ವೇದಿಕೆಯ ಹಿಂದಿನ ಕೋಣೆಯಲ್ಲಿ ಗಂಡಸರು 20 ಕಿಲೋದ, ಹೆಂಗಸರು 15 ಕಿಲೋದ ಖಾಲಿ ರಾಡಿನಿಂದ ಶುರುಮಾಡಿ, ಪ್ಲೇಟುಗಳನ್ನು ಒಂದೊಂದಾಗಿ ಸೇರಿಸುತ್ತಾ ಹೋಗುತ್ತಾರೆ. ಬಲವನ್ನು ಅಲ್ಲೇ ಖರ್ಚು ಮಾಡಬಾರದು, ಮೈ ಮಾತ್ರ ದಾರಿಯನ್ನು ನೆನಪಿಸಿಕೊಳ್ಳಬೇಕು. ಇದರಲ್ಲೊಂದು ಅಪಾಯವೂ ಇದೆ. ಹಗುರ ರಾಡು ತಪ್ಪನ್ನು ಮನ್ನಿಸುತ್ತದೆ. ಕಾಲಿನ ಬದಲು ತೋಳಿನಿಂದ ಎಳೆದರೂ, ಮೈಯಿಂದ ದೂರ ಹಿಡಿದರೂ ಅದು ಮೇಲೆ ಹೋಗುತ್ತದೆ. 100 ಕಿಲೋ ಹಾಗೆ ಹೋಗುವುದಿಲ್ಲ. ಆದ್ದರಿಂದಲೇ ಖಾಲಿ ರಾಡನ್ನೂ ಭಾರದ ರಾಡಿನಂತೆಯೇ ಎತ್ತು ಎಂದು ಕೋಚ್‌ಗಳು ಬೆನ್ನುಹತ್ತುತ್ತಾರೆ.

ಮಣಿಪುರದ ನೊಂಗ್‌ಪೊಕ್ ಕಾಕ್‌ಚಿಂಗ್ ಹಳ್ಳಿಯ ಮೀರಾಬಾಯಿ ಚಾನು ಆರಂಭದಲ್ಲಿ ಅಭ್ಯಾಸ ಮಾಡಿದ್ದು ಬಿದಿರಿನ ಕೋಲು ಹಿಡಿದು. 2016ರ ರಿಯೊ ಒಲಿಂಪಿಕ್ಸ್‌ಗೆ ಮೊದಲು ಪಟಿಯಾಲಾದ ಆಯ್ಕೆ ಸ್ಪರ್ಧೆಯಲ್ಲಿ ಅವರು ಕ್ಲೀನ್ ಅಂಡ್ ಜರ್ಕ್‌ನಲ್ಲಿ 107 ಕಿಲೋ ಎತ್ತಿದ್ದರು. ರಿಯೊದಲ್ಲಿ ಅದಕ್ಕಿಂತ ಕಡಿಮೆ ಭಾರವಿದ್ದರೂ ಮೂರೂ ಪ್ರಯತ್ನಗಳು ವಿಫಲವಾದವು. ನಿಯಮದ ಪ್ರಕಾರ ಒಟ್ಟು ಲೆಕ್ಕವೇ ಇಲ್ಲ. ಫಲಿತಾಂಶದ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಸ್ಪರ್ಧೆ ಪೂರೈಸಲಿಲ್ಲ ಎಂದಷ್ಟೇ ಉಳಿಯಿತು. ಕೆಲವು ತಿಂಗಳಲ್ಲಿ ಅವರ ಬಲವೇನೂ ಕರಗಿರಲಿಲ್ಲ.

ಮರುವರ್ಷ ಅವರು ವಿಶ್ವ ಚಾಂಪಿಯನ್ ಆದರು. ಆದರೂ ಭುಜದ ತೊಂದರೆ ಕಾಡುತ್ತಿತ್ತು. 2020ರ ಕೊನೆಗೆ ಅಮೆರಿಕಕ್ಕೆ ಹೋಗಿ, ಫಿಸಿಯೋಥೆರಪಿಸ್ಟ್ ಆರನ್ ಹೋರ್ಶಿಗ್ ಅವರ ಬಳಿ ಆ ಭುಜವನ್ನೂ ಎತ್ತುವ ವರಸೆಯನ್ನೂ ತಿದ್ದಿಕೊಂಡರು. 2021ರ ಏಪ್ರಿಲ್‌ನಲ್ಲಿ ತಾಷ್ಕೆಂಟ್‌ನಲ್ಲಿ ಕ್ಲೀನ್ ಅಂಡ್ ಜರ್ಕ್‌ನಲ್ಲಿ 119 ಕಿಲೋ ಎತ್ತಿದರು. 49 ಕಿಲೋ ವಿಭಾಗದಲ್ಲಿ ಅದು ಆಗ ವಿಶ್ವದಾಖಲೆಯಾಗಿತ್ತು. ಜುಲೈನಲ್ಲಿ ಟೋಕಿಯೊದಲ್ಲಿ 87 ಮತ್ತು 115, ಒಟ್ಟು 202 ಕಿಲೋ, ಬೆಳ್ಳಿ ಪದಕ.

2024ರಲ್ಲಿ ಪ್ಯಾರಿಸ್‌ನಲ್ಲಿ ಅವರ ಒಟ್ಟು 199 ಕಿಲೋ. ಕಂಚು ಗೆದ್ದವರದು 200. ಒಂದೇ ಒಂದು ಕಿಲೋದ ಅಂತರಕ್ಕೆ ನಾಲ್ಕನೆಯ ಸ್ಥಾನ. ಗೆದ್ದವರಿಗೂ ಸೋತವರಿಗೂ ಮುಂದಿನ ಅಭ್ಯಾಸ ಶುರುವಾಗುವುದು ಅದೇ 15 ಕಿಲೋದ ಖಾಲಿ ರಾಡಿನಿಂದ.