ಎಂಜಿನ್ನನ್ನು ಹಿಡಿದಿಟ್ಟ ಕೈ: ಒಂದು ಬ್ರಾಕೆಟ್ಟಿನ ಚರಿತ್ರೆ



ಕಾರೆಂದರೆ ನಿಮ್ಮಲ್ಲಿ ಕೆಲವರಿಗೆ ಕಾಲೇಜಿಗೋ ಕೆಲಸಕ್ಕೋ ಹೋಗುವ ಸಾಧನ ಮಾತ್ರವಲ್ಲ. ಹಳೆಯ ಕಾರೊಂದನ್ನು ಕೊಂಡು, ಶನಿವಾರ ಭಾನುವಾರ ಗರಾಜಿನಲ್ಲಿ ಅದನ್ನು ಬಿಚ್ಚಿ, ಟರ್ಬೋ ಕೂರಿಸಿ, ಕೆಲವೊಮ್ಮೆ ಎಂಜಿನ್ನನ್ನೇ ಬದಲಾಯಿಸುವ ಹವ್ಯಾಸ ನಿಮ್ಮದು. ಆ ಕೆಲಸದಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. ಹೊಸ ಪೈಪಿಗೆ ಜಾಗ ಸಾಲುವುದಿಲ್ಲ. ಅಡ್ಡ ನಿಂತಿರುವುದು ಎಂಜಿನ್ನಿಗೆ ಆಸರೆಯಾದ ಒಂದು ಬ್ರಾಕೆಟ್. ಇನ್ನೂ ಎರಡು ಮೂರು ಆಸರೆಗಳು ಇವೆಯಲ್ಲ, ಇದೊಂದನ್ನು ತೆಗೆದರೆ ಏನಾದೀತು? ತೆಗೆದು ಕೀಲಿ ತಿರುಗಿಸಿದರೆ ಎಂಜಿನ್ ಎಂದಿನಂತೆ ಶುರುವಾಗುತ್ತದೆ. ಕೆಳಗೇನೂ ಬೀಳುವುದಿಲ್ಲ. ಹಾಗಾದರೆ ಅದು ಬೇಡವಾದ ತುಂಡೇ ಇರಬೇಕು ಅನ್ನಿಸುತ್ತದೆ.

ನಮ್ಮ ಅಜ್ಜಂದಿರ ಎತ್ತಿನ ಗಾಡಿಯಲ್ಲಿ ಕಡಾಣಿ ಎಂಬ ಸಣ್ಣ ಮೊಳೆ ಇರುತ್ತಿತ್ತು. ಅಚ್ಚಿನ ತುದಿಯಲ್ಲಿ ನಿಂತು ಚಕ್ರ ಹೊರಗೆ ಜಾರದಂತೆ ತಡೆಯುವುದೇ ಅದರ ಕೆಲಸ. ನಿಂತ ಗಾಡಿಯಲ್ಲಿ ಅದು ಏನೂ ಮಾಡುತ್ತಿಲ್ಲ ಅಂತಲೇ ಕಾಣುತ್ತದೆ. ಎಂಜಿನ್ನಿನ ಆಸರೆಯೂ ಅಂಥದ್ದೇ. ಅದು ಯಾಕೆ ಬಂತು, ಒಮ್ಮೆ ಅದು ಕೈಕೊಟ್ಟಾಗ ಏನಾಯಿತು ಎಂಬ ಚರಿತ್ರೆ ಬಹುಪಾಲು ನಾವಿರುವ ಈ ಅಮೆರಿಕದಲ್ಲೇ ನಡೆದಿದೆ. ಇವತ್ತು ಅದನ್ನು ಹೇಳುತ್ತೇನೆ.

ಮೊದಲು ಒಂದು ಮಾತು. ಕೈಯಲ್ಲಿ ಡ್ರಿಲ್ ಹಿಡಿದು ಗಟ್ಟಿ ಮರಕ್ಕೆ ತೂತು ಕೊರೆಯುವಾಗ ಬಿಟ್ ಸಿಕ್ಕಿಹಾಕಿಕೊಂಡರೆ, ಡ್ರಿಲ್ ನಿಮ್ಮ ಮಣಿಕಟ್ಟನ್ನೇ ತಿರುಚುತ್ತದೆ. ಯಾವುದನ್ನು ಒಂದು ದಿಕ್ಕಿಗೆ ತಿರುಗಿಸಿದರೂ ತಿರುಗಿಸುವವನ ಮೇಲೆ ಎದುರು ದಿಕ್ಕಿನಲ್ಲಿ ಅಷ್ಟೇ ಬಲ ಬೀಳುತ್ತದೆ. ಎಂಜಿನ್ ಚಕ್ರಗಳನ್ನು ತಿರುಗಿಸುವಾಗ ತಾನೂ ಎದುರು ದಿಕ್ಕಿಗೆ ತಿರುಗಲು ಹವಣಿಸುತ್ತದೆ. ಅದನ್ನು ತಡೆಯುವ ಮಣಿಕಟ್ಟೇ ಈ ಬ್ರಾಕೆಟ್. ಎಂಜಿನ್ನಿನ ಭಾರ ಹೊರುವುದು ಅದರ ಅರ್ಧ ಕೆಲಸ ಮಾತ್ರ. ಈ ತಿರುಚನ್ನು ತಡೆಯುವುದು ಉಳಿದರ್ಧ.

ಮೊದಮೊದಲ ಕಾರುಗಳಲ್ಲಿ ಎಂಜಿನ್ನನ್ನು ನೇರವಾಗಿ ಫ್ರೇಮಿಗೆ ಬೋಲ್ಟ್ ಹಾಕಿ ಬಿಗಿಯುತ್ತಿದ್ದರು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಎಂಜಿನ್ ಮೂರು ಕಡೆ ಕೂತಿತ್ತು: ಮುಂದೆ ಒಂದು, ಹಿಂದೆ ಎರಡು ಪಕ್ಕಗಳಲ್ಲಿ ಒಂದೊಂದು. ಮುಕ್ಕಾಲು ಮಣೆ ಯಾವ ನೆಲದ ಮೇಲೂ ಅಲುಗಾಡದೆ ನಿಲ್ಲುವ ಹಾಗೆ, ಹಳ್ಳದಿಣ್ಣೆಯ ರಸ್ತೆಯಲ್ಲಿ ಫ್ರೇಮ್ ತಿರುಚಿಕೊಂಡರೂ ಎಂಜಿನ್ನಿಗೆ ಪೆಟ್ಟಾಗಬಾರದು ಎಂಬುದು ಅದರ ಲೆಕ್ಕ. ಆದರೆ ನಡುಕ ಹೋಗಲಿಲ್ಲ. ಸಾಲಾಗಿ ನಾಲ್ಕು ಸಿಲಿಂಡರ್ ಇರುವ ಎಂಜಿನ್ ಪ್ರತಿ ಸುತ್ತಿಗೆ ಎರಡು ಸಲ ಮೇಲೆ ಕೆಳಗೆ ಅದುರುವುದು ಅದರ ಹುಟ್ಟುಗುಣ. ನಿಮಿಷಕ್ಕೆ 3000 ಸುತ್ತು ಅಂದರೆ ಸೆಕೆಂಡಿಗೆ 100 ಅದುರು. ಬಿಗಿಯಾಗಿ ಬೋಲ್ಟ್ ಹಾಕಿದ್ದರಿಂದ ಅದೆಲ್ಲ ನೇರವಾಗಿ ಕೂತವರ ಬೆನ್ನಿಗೆ ಬರುತ್ತಿತ್ತು.

1931ರಲ್ಲಿ ಕ್ರೈಸ್ಲರ್ ಕಂಪನಿ ತನ್ನ ಪ್ಲಿಮತ್ ಕಾರಿನಲ್ಲಿ ಇದಕ್ಕೊಂದು ದಾರಿ ಕಂಡಿತು. ಅದಕ್ಕೆ ಇಟ್ಟ ಹೆಸರು ‘ಫ್ಲೋಟಿಂಗ್ ಪವರ್’, ತೇಲುವ ಶಕ್ತಿ. ಎಂಜಿನ್ನನ್ನು ಮುಂದೆ ಎತ್ತರದಲ್ಲಿ ಒಂದು, ಹಿಂದೆ ತಗ್ಗಿನಲ್ಲಿ ಒಂದು, ಹೀಗೆ ಎರಡೇ ರಬ್ಬರ್ ಆಸರೆಗಳ ಮೇಲೆ ಕೂರಿಸಿದರು. ಈ ಎರಡನ್ನು ಸೇರಿಸುವ ಗೆರೆ ಎಂಜಿನ್ನಿನ ಭಾರಕೇಂದ್ರದ ಮೂಲಕ ಹಾಯುವಂತೆ ನೋಡಿಕೊಂಡರು. ಎಂಜಿನ್ ತನ್ನ ಪಾಡಿಗೆ ತಾನು ತೊಟ್ಟಿಲಿನಂತೆ ತೂಗಿಕೊಳ್ಳುತ್ತಿತ್ತು, ನಡುಕ ಫ್ರೇಮಿಗೆ ದಾಟುವುದು ತೀರಾ ಕಡಿಮೆಯಾಯಿತು. ಮರುವರ್ಷವೇ ಫ್ರಾನ್ಸಿನ ಸಿಟ್ರೋಯೆನ್ ಲೈಸೆನ್ಸ್ ಪಡೆದು ಇದನ್ನು ತನ್ನ ಕಾರುಗಳಲ್ಲಿ ಅಳವಡಿಸಿತು, ಲಾಂಛನದಲ್ಲಿ ತೇಲುವ ಹಂಸವೊಂದನ್ನೂ ಸೇರಿಸಿತು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಕ್ರೈಸ್ಲರ್ ಎಂಜಿನಿಯರುಗಳು ಎಂಜಿನ್ನನ್ನು ತೇಲಲು ಬಿಟ್ಟು ಸುಮ್ಮನಾಗಲಿಲ್ಲ. ಎಂಜಿನ್ನಿನ ಪಕ್ಕದಿಂದ ಫ್ರೇಮಿಗೆ ಒಂದು ಉಕ್ಕಿನ ಸ್ಪ್ರಿಂಗ್ ಪಟ್ಟಿಯನ್ನೂ ಕೊಟ್ಟರು. ಭಾರ ಹೊರುವುದು ಅದರ ಕೆಲಸವಲ್ಲ. ಎಂಜಿನ್ ಅತಿಯಾಗಿ ಹೊರಳದಂತೆ ತಡೆಯುವುದಷ್ಟೇ ಅದರ ಕೆಲಸ. ನಿಮ್ಮ ಕಾರಿನಲ್ಲಿ ‘ಇದು ಯಾಕೆ ಬೇಕು’ ಅನ್ನಿಸುವ ಅಡ್ಡಪಟ್ಟಿಯ ಹಿರಿಯಣ್ಣ ಅದು.

ತಡೆ ತಪ್ಪಿದರೆ ಏನಾಗುತ್ತದೆ ಎಂಬುದು ನಲವತ್ತು ವರ್ಷದ ನಂತರ ಇಡೀ ದೇಶಕ್ಕೆ ಗೊತ್ತಾಯಿತು. 1960ರ ದಶಕದ ಷೆವ್ರೊಲೆ ಕಾರುಗಳಲ್ಲಿ ಎಂಜಿನ್ ಮೌಂಟ್ ಅಂದರೆ ಎರಡು ಲೋಹದ ತಟ್ಟೆಗಳ ನಡುವೆ ಅಂಟಿಸಿದ ರಬ್ಬರ್. ಬಿಸಿ, ಎಣ್ಣೆ, ವಯಸ್ಸು ಸೇರಿ ರಬ್ಬರ್ ಬಿಟ್ಟುಕೊಂಡರೆ ತಟ್ಟೆಗಳನ್ನು ಹಿಡಿದಿಡುವ ಬೇರೇನೂ ಇರಲಿಲ್ಲ. ನಿಂತ ಕಾರಿನಲ್ಲಿ ಇದು ಕಾಣುತ್ತಿರಲಿಲ್ಲ, ಎಂಜಿನ್ ತನ್ನ ಭಾರದಿಂದಲೇ ಕೂತಿರುತ್ತಿತ್ತು. ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಎಂಜಿನ್ನಿನ ಎಡಬದಿ ಮೇಲೇಳುತ್ತಿತ್ತು. ಆಗಿನ ಕಾರುಗಳಲ್ಲಿ ಪೆಡಲಿನಿಂದ ಕಾರ್ಬ್ಯುರೇಟರಿಗೆ ಲೋಹದ ಸರಳುಗಳ ಜೋಡಣೆ. ಎಂಜಿನ್ ಎದ್ದರೆ ಆ ಸರಳು ಎಳೆದುಕೊಂಡು ಥ್ರಾಟಲ್ ಇನ್ನೂ ತೆರೆಯುತ್ತಿತ್ತು. ಥ್ರಾಟಲ್ ತೆರೆದರೆ ಎಂಜಿನ್ ಇನ್ನೂ ಮೇಲೇಳುತ್ತಿತ್ತು. ಕಾಲು ತೆಗೆದರೂ ಕಾರು ನುಗ್ಗುತ್ತಿತ್ತು. ಅದೇ ಎಳೆತಕ್ಕೆ ಪವರ್ ಬ್ರೇಕಿನ ನಿರ್ವಾತ ಕೊಳವೆ ಕಿತ್ತುಬಂದರೆ ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತಿತ್ತು.

ಕಾರಿನ ಸುರಕ್ಷತೆಗೆ ಕಂಪನಿಗಳೇ ಹೊಣೆ ಎಂಬ ವಾದವನ್ನು ರಾಲ್ಫ್ ನೇಡರ್ 1965ರಲ್ಲಿ ಪುಸ್ತಕ ಬರೆದು ಎತ್ತಿದ್ದರು. 1966ರಲ್ಲಿ ವಾಹನ ಸುರಕ್ಷತಾ ಕಾಯಿದೆಯೂ ಬಂದಿತ್ತು. ಷೆವ್ರೊಲೆ ಮಾಲೀಕರ ದೂರುಗಳು ಸೇರುತ್ತಾ ಹೋದವು, ಪತ್ರಿಕೆಗಳು ಬರೆದವು. ಕೊನೆಗೆ 1971ರ ಡಿಸೆಂಬರಿನಲ್ಲಿ ಜನರಲ್ ಮೋಟರ್ಸ್ ಸುಮಾರು 67 ಲಕ್ಷ ವಾಹನಗಳನ್ನು ವಾಪಸ್ ಕರೆಯಿತು. ಅಲ್ಲಿಯವರೆಗೆ ಅಷ್ಟು ದೊಡ್ಡ ರಿಕಾಲ್ ನಡೆದಿರಲಿಲ್ಲ. ಅಷ್ಟು ಕಾರುಗಳಿಗೆ ಮಾಡಿದ ರಿಪೇರಿ ಏನು ಗೊತ್ತೇ? ಎಂಜಿನ್ ಮೇಲೇಳದಂತೆ ಕಟ್ಟಿಹಾಕುವ ಒಂದು ಉಕ್ಕಿನ ಕೇಬಲ್. ಮುಂದೆ ಬಂದ ಮೌಂಟುಗಳಲ್ಲಿ ರಬ್ಬರ್ ಹರಿದರೂ ಲೋಹದ ಭಾಗಗಳು ಒಂದರೊಳಗೊಂದು ಸಿಕ್ಕಿಕೊಂಡು ಎಂಜಿನ್ನನ್ನು ಹಿಡಿಯುವಂತೆ ಮಾಡಿದರು.

‘ಈಗಿನ ಕಾರಿನಲ್ಲಿ ಥ್ರಾಟಲ್ ವೈರಿನ ಮೇಲೆ ನಡೆಯುತ್ತದೆ, ಸರಳು ಎಲ್ಲಿದೆ?’ ಎಂದು ನೀವು ಕೇಳಬಹುದು. ನಿಜ, ಆ ಒಂದು ಅಪಾಯ ಬಹಳಷ್ಟು ತಗ್ಗಿದೆ. ಆದರೆ ಇನ್ನೊಂದು ಕಡೆ ಹೊರೆ ಹೆಚ್ಚಿದೆ. 1959ರ ಬ್ರಿಟಿಷ್ ಮಿನಿ ಕಾರಿನ ಯಶಸ್ಸಿನ ನಂತರ, ಎಂಜಿನ್ನನ್ನು ಅಡ್ಡಲಾಗಿ ಕೂರಿಸಿ ಮುಂದಿನ ಚಕ್ರ ತಿರುಗಿಸುವ ಪದ್ಧತಿ ಜಗತ್ತಿಗೆಲ್ಲ ಹಬ್ಬಿತು. ಇದರಲ್ಲಿ ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಎಲ್ಲವೂ ಒಂದೇ ಗಂಟು. ಒಂದು ಲೆಕ್ಕ ನೋಡಿ. ಎಂಜಿನ್ ಕೊಡುವುದು 200 ನ್ಯೂಟನ್ ಮೀಟರ್ ಅಂದುಕೊಳ್ಳಿ. ಮೊದಲ ಗೇರಿನಲ್ಲಿ ಅದು ಒಟ್ಟು 13 ಪಟ್ಟಾದರೆ ಚಕ್ರಕ್ಕೆ 2600. ಆ 2600ರ ಎದುರೇಟು ಪೂರ್ತಿ ಈ ಗಂಟನ್ನು ಹಿಡಿದ ಆಸರೆಗಳ ಮೇಲೆಯೇ ಬೀಳುತ್ತದೆ. ಟರ್ಬೋ ಹಾಕಿದರೆ ಇನ್ನೂ ಹೆಚ್ಚು. ಮಿನಿಯಲ್ಲಿ ಎಂಜಿನ್ನಿನ ಮೇಲ್ಭಾಗದ ಒಂದು ಸಣ್ಣ ಸರಳಿನ ರಬ್ಬರ್ ಸವೆದರೆ ಸಾಕು, ಕ್ಲಚ್ ಬಿಡುವಾಗ ಕಾರು ಗಡಗಡ ನಡುಗುತ್ತದೆ, ಎಕ್ಸಾಸ್ಟ್ ಪೈಪ್ ಸೀಳುತ್ತದೆ. ಹಳೆಯ ಮಿನಿ ಇಟ್ಟುಕೊಂಡವರಿಗೆ ಇದು ಚೆನ್ನಾಗಿ ಗೊತ್ತು.

ಆಸರೆ ಒಂದು ಕಡಿಮೆಯಾದರೆ ಅದರ ಪಾಲಿನ ಹೊರೆ ಮಾಯವಾಗುವುದಿಲ್ಲ, ಉಳಿದವುಗಳಿಗೆ ಹಂಚಿಹೋಗುತ್ತದೆ. ಅವು ಬೇಗ ಹರಿಯುತ್ತವೆ. ಎಂಜಿನ್ ಹೊರಳಿದಷ್ಟೂ ಆಕ್ಸಲ್ಲಿನ ಕೀಲುಗಳು, ನೀರಿನ ಕೊಳವೆ, ಗೇರ್ ಕೇಬಲ್, ವೈರಿಂಗ್ ಎಲ್ಲ ಎಳೆದಾಡುತ್ತವೆ. ಕೆಡುವುದು ಗರಾಜಿನಲ್ಲಲ್ಲ, ಹೈವೇಗೆ ಸೇರುವಾಗ, ಪಕ್ಕದಲ್ಲಿ ಗೆಳೆಯನೊಬ್ಬ ಕೂತಿರುವಾಗ.

‘ರೇಸ್ ಕಾರಿನಲ್ಲಿ ಮೌಂಟೇ ಇರುವುದಿಲ್ಲವಲ್ಲ’ ಎಂಬ ಮಾತೂ ಕೇಳಿಬರುತ್ತದೆ. ಅದಕ್ಕೂ ಚರಿತ್ರೆ ಇದೆ. 1967ರಲ್ಲಿ ಹಾಲೆಂಡಿನ ಝಾಂಡ್‌ವೋರ್ಟ್‌ನಲ್ಲಿ ಜಿಮ್ ಕ್ಲಾರ್ಕ್ ಗೆದ್ದ ಲೋಟಸ್ 49 ಕಾರಿನಲ್ಲಿ ಕಾಸ್ವರ್ತ್ ಡಿಎಫ್‌ವಿ ಎಂಜಿನ್ನನ್ನು ನೇರವಾಗಿ ಕಾರಿನ ಒಡಲಿಗೆ ಬೋಲ್ಟ್ ಹಾಕಿದ್ದರು. ಹಿಂದಿನ ಚಕ್ರಗಳ ಸಸ್ಪೆನ್ಷನ್ ಹೊರೆಯನ್ನೂ ಎಂಜಿನ್ನೇ ಹೊರುತ್ತಿತ್ತು. ಆದರೆ ಆ ಎಂಜಿನ್ನನ್ನು ಮೊದಲ ಗೆರೆಯಿಂದಲೇ ಹಾಗೆ ಹೊರುವಂತೆ ಬಿಡಿಸಿದ್ದರು. ಅವರು ಆಸರೆಯನ್ನು ತೆಗೆಯಲಿಲ್ಲ, ಎಂಜಿನ್ನನ್ನೇ ಆಸರೆ ಮಾಡಿದರು.

ಹಾಗಂತ ಕಾರನ್ನು ಮುಟ್ಟಲೇಬೇಡಿ ಎನ್ನುತ್ತಿಲ್ಲ. ಬ್ರಾಕೆಟ್ ಅಡ್ಡ ಬಂದರೆ, ಅದು ಏನನ್ನು ಹಿಡಿದಿದೆ ಎಂದು ಮೊದಲು ನೋಡಿ. ವೈರನ್ನೋ ಕೊಳವೆಯನ್ನೋ ಹಿಡಿದಿರುವ ಸಣ್ಣ ತುಂಡಾದರೆ ಅದನ್ನು ಬೇರೆ ಜಾಗಕ್ಕೆ ಸರಿಸಿ. ಎಂಜಿನ್ನಿಗೂ ಕಾರಿನ ಒಡಲಿಗೂ ನಡುವಿನ ಕೊಂಡಿಯಾದರೆ, ಅದೇ ಹೊರೆ ಹೊರುವ ಇನ್ನೊಂದನ್ನು ಕೂರಿಸುವವರೆಗೆ ತೆಗೆಯಬೇಡಿ. ಗಟ್ಟಿ ಪಾಲಿಯುರೆಥೇನ್ ಮೌಂಟ್ ಹಾಕಿದರೆ ಎಂಜಿನ್ ಹೊರಳುವುದು ಕಡಿಮೆಯಾಗುತ್ತದೆ, ಆದರೆ 1931ಕ್ಕೆ ಮುಂಚಿನ ಆ ನಡುಕ ಸ್ವಲ್ಪ ಮರಳಿ ಬರುತ್ತದೆ. ಎಷ್ಟು ಸಹಿಸಬಲ್ಲಿರಿ ಎಂಬುದು ನಿಮಗೆ ಬಿಟ್ಟದ್ದು. ಕೆಲಸ ಮುಗಿದ ಮೇಲೆ ಹ್ಯಾಂಡ್ ಬ್ರೇಕ್ ಎಳೆದು, ಕಾರಿನ ಮುಂದೆ ಯಾರೂ ನಿಲ್ಲದಂತೆ ನೋಡಿಕೊಂಡು, ಬಲ್ಲ ಮೆಕ್ಯಾನಿಕ್ ಒಬ್ಬರಿಗೆ ಎಂಜಿನ್ ಎಷ್ಟು ಹೊರಳುತ್ತಿದೆ ಎಂದು ಪಕ್ಕದಿಂದ ನೋಡಲು ಹೇಳಿ. ರಸ್ತೆಗೆ ಇಳಿಯುವುದು ಅದಾದ ಮೇಲೆ.